ಹಾಳೂರ ಬಾವಿಯ ನಕ್ಷೆ

ನಮ್ಮ ಮನೆಯಲ್ಲಿ 'ಹೂಂ' ಎಂಬ ಶಬ್ದಕ್ಕೆ ನಾನು ಬದ್ಧ ವೈರಿಯಾದದ್ದು ಅತ್ತೆಯ ಕಾರಣದಿಂದ. ಅತ್ತೆಗೆ ಮರೆವು ಶುರುವಾಗಿದೆ ಎಂದು ರಾಯಚೂರಿನ ಡಾಕ್ಟರರೊಬ್ಬರು ಹೇಳಿದ್ದೇ ತಡ, ಅವರು ಏನೇ ಅಂದರೂ ಎಲ್ಲರೂ ಹೂಂ ಅನ್ನತೊಡಗಿದರು. ಸಾರಿಗೆ ಉಪ್ಪು ಹೆಚ್ಚಾಗಿದೆ ಅಂದರೂ ಹೂಂ, ಹಾಲಿನವನು ಬಂದಿಲ್ಲ ಅಂದರೂ ಹೂಂ. ಹಾಲಿನವನು ನಿಜವಾಗಿಯೂ ಬಂದಿರುತ್ತಿರಲಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ನನ್ನ ಗಂಡ, ಶಿಫ್ಟ್ ಮುಗಿಸಿ ಬಂದು ಮೊಬೈಲಿನಿಂದ ಕಣ್ಣೆತ್ತದೆ ಹೆತ್ತ ತಾಯಿಗೆ ಹೂಂ ಅನ್ನುವುದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆ ಮರೆಯುತ್ತಿದ್ದರು, ಅದು ಸುಳ್ಳಲ್ಲ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಿದ್ದರು. ಉಂಡು ಕೈ ತೊಳೆದ ಮೇಲೆ "ಊಟಕ್ಕ ಯಾವಾಗ ಕೊಡ್ತಿ?" ಎಂದು ಕೇಳುತ್ತಿದ್ದರು. ಆದರೆ ತವರಿನ ಬಾವಿಯ ಮಾತು ಬಂದರೆ ಒಂದು ಅಕ್ಷರ ಅತ್ತಿತ್ತ ಆಗುತ್ತಿರಲಿಲ್ಲ. ಕಲ್ಲಿನ ಮೆಟ್ಟಿಲು ಇಳಿದು ಹೋಗಬೇಕಾದ ದೊಡ್ಡ ಬಾವಿ, ಗೋಡೆಯಲ್ಲಿ ದೀಪದ ಗೂಡು, ಬೇಸಿಗೆಯಲ್ಲೂ ತಣ್ಣಗಿನ ನೀರು. ಪ್ರತಿ ಸಲವೂ ಅದೇ ಬಾವಿ, ಅದೇ ಗೂಡು.

ಅವರ ತವರು ದೇವದುರ್ಗ ತಾಲ್ಲೂಕಿನಲ್ಲಿ, ಗಬ್ಬೂರು ದಾಟಿ ಹೋದರೆ ಸಿಗುವ ಕೃಷ್ಣಾ ದಂಡೆಯ ಒಂದು ಊರು. ಅವರು ಚಿಕ್ಕವರಿದ್ದಾಗ ಹೊಳೆ ಊರೊಳಗೆ ನುಗ್ಗಿತ್ತಂತೆ. ಜನ ಗಂಟುಮೂಟೆ ಕಟ್ಟಿಕೊಂಡು ದಿಬ್ಬದ ಮೇಲೆ ಹೋಗಿ ಹೊಸದಾಗಿ ಊರು ಕಟ್ಟಿದರು. ಬಿಟ್ಟುಬಂದ ಜಾಗಕ್ಕೆ ಹಾಳೂರು ಎಂದು ಹೆಸರಾಯಿತು. ಈಗ ದೂರದಿಂದ ನೋಡಿದರೆ ಅಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಬಿಟ್ಟರೆ ಏನೂ ಕಾಣುವುದಿಲ್ಲ. ಅತ್ತೆಯ ತಮ್ಮ, ನಾವು ಮಾವ ಎಂದು ಕರೆಯುವವರು, ಹುಟ್ಟಿದ್ದು ಹೊಸ ಊರಿನಲ್ಲಿ. ಅವರ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ನಾವೆಲ್ಲ ಹೋಗಿದ್ದಾಗ, ಬಾವಿಯ ಮಾತೆತ್ತಿದ ಅಕ್ಕನನ್ನು ಅವರು ಬೀಗರ ಮುಂದೆಯೇ ತಡೆದರು.

"ಯಾವ ಬಾವಿ ಅಕ್ಕಾ? ಹಾಳೂರಾಗ ದನ ಕಾಯ್ದು ದೊಡ್ಡಾವ ಆದೆ ನಾ. ಒಂದು ತಗ್ಗೂ ಇಲ್ಲ ಅಲ್ಲಿ." ಆಮೇಲೆ ಬೀಗರ ಕಡೆ ತಿರುಗಿ ನಕ್ಕರು: "ಅರಳು ಮರಳು ಆಗ್ಯಾದ್ರೀ ಅಕ್ಕಗ."

ಬೀಗರೂ ನಕ್ಕರು. ಅವತ್ತಿನಿಂದ ಅತ್ತೆ ಬಾವಿಯ ಮಾತು ಬಿಟ್ಟರು. ಬರಬರುತ್ತ ಉಳಿದ ಮಾತುಗಳನ್ನೂ ಬಿಟ್ಟರು. ಹೇಳಬೇಕೆಂದು ಬಾಯಿ ತೆರೆದು, ನಮ್ಮ ಮುಖ ನೋಡಿ, "ಇತ್ತೋ ಇಲ್ಲೋ ಯಾರಿಗೆ ಗೊತ್ತು" ಎಂದು ಮುಚ್ಚಿಕೊಳ್ಳುತ್ತಿದ್ದರು. ಮರೆವಿಗಿಂತ ಮೊದಲೇ ಈ ನಗು ಅವರನ್ನು ನುಂಗಿಬಿಡುತ್ತದೆ ಎಂದು ನನಗೆ ಭಯವಾಯಿತು. ಭಯವಾದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ಕೈ ಕಟ್ಟಿ ಕೂರುವವಳು ನಾನಲ್ಲ.

ಮಾನ್ವಿಯ ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಮಾಡುತ್ತೇನೆ. ರಾಯಚೂರಿನಿಂದ ದಿನಾ ಬಸ್ಸು. ಆ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕೂತೇ ನಾನು ಹಳೆಯ ನಕ್ಷೆಗಳ ಲೋಕಕ್ಕೆ ಇಳಿದದ್ದು. ಮೊಬೈಲಿನಲ್ಲಿ ಹುಡುಕಿದರೆ ಮೊದಲು ಬಂದದ್ದೆಲ್ಲ ಹಡಗು, ತಿಮಿಂಗಿಲ, ಬಣ್ಣ ಬಳಿದ ಸಮುದ್ರ. ನಮ್ಮ ಕಡೆ ಬರುವಷ್ಟರಲ್ಲಿ ನಕ್ಷೆ ಬರಿದಾಗಿ, ಎರಡು ಹೊಳೆಗಳ ನಡುವೆ ರಾಯಚೂರು ಎಂದು ಒಂದು ಚುಕ್ಕೆ ಉಳಿಯುತ್ತಿತ್ತು. ಕೆಲವು ತಾಣಗಳು ದುಡ್ಡು ಕೇಳಿದವು, ಕೆಲವು ತೆರೆಯಲೇ ಇಲ್ಲ. ಕೊನೆಗೆ ದೂರದ ದೇಶದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ, ನಿಜಾಮರ ಸೀಮೆಯ ಸರ್ವೆ ಹಾಳೆಗಳನ್ನು ಯಾರು ಬೇಕಾದರೂ ನೋಡಲಿ ಎಂದು ಇಟ್ಟಿರುವುದು ಸಿಕ್ಕಿತು. ಹಾಳೆಯನ್ನು ಹಿಗ್ಗಿಸುತ್ತ ಹೋದೆ. ಹೊಳೆ ಬಂತು, ಅತ್ತೆಯ ತವರಿನ ಹೆಸರು ಬಂತು, ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ನೀಲಿ ಉಂಗುರ. ಅಂಚಿನಲ್ಲಿದ್ದ ಗುರುತುಗಳ ವಿವರಣೆ ನೋಡಿದೆ. ನೀಲಿ ಉಂಗುರವೆಂದರೆ ಬಾವಿ.

ಬಸ್ಸಿನಲ್ಲಿ "ಸಿಕ್ತು!" ಎಂದು ಕೂಗಿಬಿಟ್ಟೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಗಾಬರಿಯಾಗಿ, "ಏನ್ ಕಳಕೊಂಡಿದ್ರಿ ಅಕ್ಕಾರ? ಬಂಗಾರೇನು?" ಅಂದಳು.

ಬಾವಿ ಇತ್ತು ಎಂದಾಯಿತು. ಎಲ್ಲಿ ಎಂದು ತೋರಿಸದೆ ಮಾವನ ಬಾಯಿ ಮುಚ್ಚುವಂತಿರಲಿಲ್ಲ. ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹಾಸಿ ಕೂಡಿಸಿಕೊಡುವ ತಾಣವೊಂದಿದೆ. ಎರಡರಲ್ಲೂ ಒಂದೇ ಆಗಿರುವ ಜಾಗಗಳಿಗೆ ನಾವು ಗುಂಡುಸೂಜಿ ಚುಚ್ಚಬೇಕು, ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ನಾನು ಊರಿನ ಹೆಸರಿಗೆ ಊರಿನ ಹೆಸರು ಹೊಂದಿಸಿ, ಹೊಳೆಯ ದಂಡೆಯ ಅಕ್ಕಪಕ್ಕದ ಊರುಗಳನ್ನೂ ಹಾಗೆಯೇ ಚುಚ್ಚಿದೆ. ಬಾವಿ ಹೋಗಿ ಕಾಲುವೆ ನೀರಿನ ಭತ್ತದ ಗದ್ದೆಯ ನಟ್ಟನಡುವೆ ಕೂತಿತು. ಸಾಕ್ಷಾತ್ ಕೃಷ್ಣಾ ನದಿಯೇ ಗದ್ದೆಯೊಳಗೆ ಹರಿಯತೊಡಗಿತು. ಅಂದು ಅಳತೆಗೆ ಬಂದ ಬ್ರಿಟಿಷ್ ದೊರೆ ಬಿಸಿಲಿಗೆ ತಲೆಕೆಟ್ಟು ಗೀಚಿರಬೇಕು ಎಂದು ಅವನನ್ನೇ ಬೈದು, ಆ ಗದ್ದೆಯ ಚಿತ್ರವನ್ನು ಮಾವನಿಗೆ ಕಳಿಸಿದೆ.

ಫೋನಿನಲ್ಲಿ ಅವರ ನಗು ಬಹಳ ಹೊತ್ತು ನಿಲ್ಲಲಿಲ್ಲ. "ಅದು ನಾವು ವರ್ಷಾ ಎರಡು ಬೆಳಿ ತಗಿಯೋ ಹೊಲ ಐತವ್ವಾ. ಅತ್ತಿದು ಸೊಸಿಗೂ ಹತ್ತಿತೇನು?"

ಅತ್ತೆ ಅಲ್ಲೇ ಕೂತಿದ್ದರು, ಕೇಳಿಸಿಕೊಂಡರು. "ಬಿಡವ್ವಾ, ನಾನs ಕನಸು ಕಂಡಿರಬೇಕು" ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ತಾವು ಕಂಡ ಬಾವಿಯನ್ನು ತಾವೇ ಇಲ್ಲವೆಂದದ್ದು ಅದೇ ಮೊದಲು. ನನಗೆ ಅಳು ಬಂತು.

ಶ್ರಾವಣದ ಒಂದು ಶನಿವಾರ ಏನೋ ಕೇಳಲು ಮಾವನ ಹೆಂಡತಿಗೆ ಫೋನು ಮಾಡಿದೆ. ಆಕೆ ಏದುಸಿರು ಬಿಡುತ್ತಿದ್ದರು.

"ಆಮ್ಯಾಲೆ ಮಾತಾಡ್ತೀನಿ ತಂಗಿ, ತಲಿ ಮ್ಯಾಲೆ ಎಡಿ ಬುಟ್ಟಿ ಅದ. ಹಾಳೂರ ಹಣಮಪ್ಪಗ ಹೊಂಟೀವಿ."

"ಈ ಬಿಸಲಾಗ ಅಷ್ಟು ದೂರ ಯಾಕ್ರೀ? ಊರಾಗ ಒಂದು ಗುಡಿ ಕಟ್ಟಬಾರದಾ?"

"ಊರು ಎದ್ದು ಬಂತು, ಹಣಮಪ್ಪ ಏಳಲಿಲ್ಲವ್ವಾ. ದಂಡಿ ಊರಾಗೆಲ್ಲ ಹಿಂಗs. ನಾವs ಹೋಗಿ ಉಣಿಸಿ ಬರಬೇಕು."

ನಾನು ಸಮಾಜ ಪಾಠ ಮಾಡುವವಳು! ಊರಿನ ಜೊತೆ ಹೆಸರೂ ದಿಬ್ಬ ಹತ್ತಿ ಬಂದಿದೆ ಎಂಬುದು ತಲೆಗೆ ಹೊಳೆದಿರಲಿಲ್ಲ. ದಂಡೆಯ ಊರುಗಳೆಲ್ಲ ಹೊಳೆಗೆ ಹೆದರಿ ಸರಿದಿದ್ದವು. ನಾನು ಸರಿದು ಹೋದವುಗಳಿಗೇ ಹುಡುಕಿ ಹುಡುಕಿ ಸೂಜಿ ಚುಚ್ಚಿದ್ದೆ. ಬೈಸಿಕೊಂಡ ದೊರೆಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, "ಅಲ್ಲೇ ಗುಡಿ ಮುಂದ ನಿಂತು ನನಗ ಲೊಕೇಶನ್ ಕಳಸ್ರಿ" ಎಂದೆ. ಎಡೆ ಇಳಿಸಿ, ಕಾಯಿ ಒಡೆದು, ಆಕೆ ಕಳಿಸಿದರು. ಪಕ್ಕದೂರುಗಳಲ್ಲಿ ಆಕೆಗೆ ನೆಂಟರಿದ್ದರು, ಅವರೂ ತಂತಮ್ಮ ಹಾಳೂರ ಹಣಮಪ್ಪನ ಗುಡಿಯಿಂದ ಕಳಿಸಿದರು. ನಕ್ಷೆಯಲ್ಲಿ ಗುಡಿಗಳ ಗುರುತು ಇದ್ದೇ ಇತ್ತು. ಊರಿನ ಸೂಜಿಗಳನ್ನೆಲ್ಲ ಕಿತ್ತು ಹಣಮಪ್ಪನಿಗೊಂದು, ಹಣಮಪ್ಪನಿಗೊಂದು ಚುಚ್ಚಿದೆ. ಹೊಳೆ ಹೋಗಿ ಹೊಳೆಯ ಮೇಲೆ ಕೂತಿತು. ಬಾವಿ ಗುಡಿಯ ಹಿಂದಿನ ಜಾಲಿ ಪೊದೆಯೊಳಗೆ ಕೂತಿತು.

ಈ ಸಲ ಫೋನು ಮಾಡಲಿಲ್ಲ. ಗಂಡನಿಗೆ ರಜೆ ಹಾಕಿಸಿ, ಕಾರು ಮಾಡಿಸಿ, ಅತ್ತೆಯನ್ನು ಕೂಡಿಸಿಕೊಂಡು ಹೊರಟೆವು. ಮಾವ ನಾಲ್ಕು ಜನ ಕಡಿಯುವವರನ್ನು ಕರೆದರು, ಬಾಯಿ ಮಾತ್ರ ಸುಮ್ಮನಿರಲಿಲ್ಲ. "ದನಾನೂ ಹೋಗದ ಜಾಗ ಅದು, ಆ ಮುಳ್ಳಿನಾಗ ಏನಿದ್ದೀತು?" ಎಂದು ಗೊಣಗುತ್ತಲೇ ನಿಂತರು. ದನ ಹೋಗದ ಕಡೆ ದನ ಕಾಯುವವರೂ ಹೋಗಿರಲಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಿಯೇಬಿಟ್ಟೆ. ಜಾಲಿ ಬೀಳುತ್ತ ಹೋಯಿತು. ಒಬ್ಬನ ಕೊಡಲಿ ಕಲ್ಲಿಗೆ ಬಡಿದು ಠಣ್ಣೆಂದಿತು. ಮಣ್ಣು ಎಳೆದರೆ ಕಡೆದ ಕಲ್ಲಿನ ಕಟ್ಟೆ, ಕಟ್ಟೆಯ ಕೆಳಗೆ ಮೆಟ್ಟಿಲು. ಹೊಳೆಯ ಹೂಳು ತುಂಬಿಕೊಂಡಿತ್ತು, ಆದರೂ ಮೇಲಿನ ಮೆಟ್ಟಿಲುಗಳು ಹೆಜ್ಜೆ ಇಡಬಹುದಾದಷ್ಟು ಗಟ್ಟಿಯಾಗಿದ್ದವು. ಗೋಡೆಯ ಗೂಡಿನೊಳಗೆ ಗಂಡ ಕೈ ಹಾಕಿ ತೆಗೆದರೆ ಬೆರಳೆಲ್ಲ ಮಸಿ.

ನಾನು ಹುಚ್ಚಿಯ ಹಾಗೆ ಚಪ್ಪಾಳೆ ತಟ್ಟಿದೆ. ಕಡಿಯುವವರೂ ಕೇಕೆ ಹಾಕಿದರು. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ. ಗಂಡ ಮಸಿಗೈಯಲ್ಲೇ ತಾಯಿಯ ಕೈ ಹಿಡಿದುಕೊಂಡರು. ಅತ್ತೆಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ. ಇದ್ದದ್ದು ಇದೆ, ಇದರಲ್ಲೇನು ಎಂಬಂತೆ ನೋಡಿದರು.

ಮಾವ ಬಗ್ಗಿ ಒಂದು ಮೆಟ್ಟಿಲ ಮೇಲಿನ ಮಣ್ಣನ್ನು ಕೈಯಿಂದ ಒರೆಸಿದರು. ಆಮೇಲೆ ಮೆಲ್ಲಗೆ, "ಅಕ್ಕಾ, ನಮ್ಮ ಮನಿ ಎಲ್ಲಿತ್ತು?" ಅಂದರು. ತಂದೆ ತಾಯಿ ಬಾಳಿದ ಆ ಮನೆಯನ್ನು ಅವರು ಕಂಡವರೇ ಅಲ್ಲ.

ಅತ್ತೆ ಬಾವಿಗೆ ಬೆನ್ನು ಮಾಡಿ ನಿಂತರು. ಹೊಳೆಯ ಕಡೆ ಒಮ್ಮೆ, ಗುಡಿಯ ಕಡೆ ಒಮ್ಮೆ ನೋಡಿ, ಯಾರ ಕೈಯನ್ನೂ ಹಿಡಿಯದೆ ಕಡಿದ ಜಾಲಿಯ ನಡುವೆ ನಡೆದರು. ನಾವೆಲ್ಲ ಹಿಂದೆ ಹಿಂದೆ. ಒಂದು ಕಡೆ ತಟ್ಟನೆ ತಿರುಗಿ ತಮ್ಮನ ಕಾಲು ನೋಡಿದರು.

"ಎಲ್ಲಿ ಅಕ್ಕಾ?"

"ಎಲ್ಲಿ ಅಂತ ಕೇಳ್ತೀಯಲ್ಲೋ! ಅವ್ವನ ಒಲಿ ಮುಂದ ಚಪ್ಪಲಿ ಹಾಕ್ಕೊಂಡು ನಿಂತೀದಿ. ತಗಿ ಮೊದಲ."

ಊರಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಆ ಮನುಷ್ಯ, ಮುಳ್ಳು ಚೆಲ್ಲಿದ ನೆಲದ ಮೇಲೆ ಎರಡೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು.