ನಿದ್ದೆಯಮ್ಮ ಇಸಿದುಕೊಂಡದ್ದು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ವೈದ್ಯೆ ಸಿರಿಂಜುಗಳಿಗೆ ಮದ್ದು ತುಂಬಿ, ಒಂದೊಂದಕ್ಕೂ ಹೆಸರು ಅಂಟಿಸಿ, ದೇವರ ಮುಂದೆ ದೀಪ ಇಡುವಷ್ಟು ಶ್ರದ್ಧೆಯಿಂದ ಸಾಲಾಗಿ ಇಡುತ್ತಾರೆ. ವಾರ್ಡಿನವರ ಬಾಯಲ್ಲಿ ಅವರು ‘ನಿದ್ದೆಯಮ್ಮ’.

ಮೇಜಿನ ಮೇಲೆ ಮಲಗಿರುವವರು ಶಾಲೆಯ ಮಕ್ಕಳ ಅಂಗಿ ಹೊಲಿದು ಬದುಕುವ ಅಜ್ಜಿ. ವಾಸಿಯಾಗದ ಹಿಮ್ಮಡಿ ಗಾಯದಿಂದ ಹೊಕ್ಕ ಕ್ರಿಮಿ ರಕ್ತದಲ್ಲಿ ತೇಲಿಹೋಗಿ ಹೃದಯದ ಕವಾಟದ ಮೇಲೆ ಹುತ್ತ ಕಟ್ಟಿದೆ. ಕವಾಟ ಹರಿದಿದೆ, ಹುತ್ತದ ಚೂರು ಕಳಚಿದರೆ ಮಿದುಳಿಗೇ ಹೋದೀತು. ಸೋತ ಹೃದಯಕ್ಕೆ ಮತ್ತಿನ ಮದ್ದೂ ಭಾರ. ಹೆಚ್ಚಾದರೆ ರಕ್ತದೊತ್ತಡ ಕುಸಿಯುತ್ತದೆ, ಕಡಿಮೆಯಾದರೆ ನಡುವೆ ಎಚ್ಚರವಾಗುತ್ತದೆ. ಅತ್ತ ದರಿ, ಇತ್ತ ಪುಲಿ.

“ಅಜ್ಜಿ, ಹಲ್ಲಿನ ಸೆಟ್ ತೆಗೀಬೇಕು. ಗಂಟಲೊಳಗೆ ನಳಿಗೆ ಹಾಕ್ಬೇಕಲ್ಲ.”

“ಅಯ್ಯೋ, ಬೇಡಮ್ಮ! ನನ್ನ ಬೊಚ್ಚುಬಾಯಿನ ನಮ್ಮ ಯಜಮಾನ್ರೇ ಇವತ್ತಿನವರೆಗೂ ನೋಡಿಲ್ಲ. ಲೈಟ್ ಆರಿಸಿದ ಮೇಲೇ ನಾನು ತೆಗೆಯೋದು.”

“ಹಾಗಾದ್ರೆ ನಿಮಗೆ ನಿದ್ದೆ ಬಂದ್ಮೇಲೆ ನಾನೇ ತೆಗೀತೀನಿ. ಅವರು ನೋಡೋಕೆ ಮುಂಚೆ ನಾನೇ ಹಾಕ್ತೀನಿ.”

“ಮಾತು ತಪ್ಪಿದ್ರೆ ಎದ್ದು ಬಂದು ಕಿವಿ ಹಿಂಡ್ತೀನಿ, ನೋಡು.”

“ಎದ್ದು ಬನ್ನಿ. ಅಷ್ಟು ಸಾಕು.”

ನಿದ್ದೆಯಮ್ಮನ ತಾಯಿ ಸೂಲಗಿತ್ತಿ. “ಅಮ್ಮ ಅಳಿಸಿ ಬರಮಾಡಿಕೊಳ್ಳೋಳು, ನಾನು ಮಲಗಿಸಿ ಕಳಿಸ್ಕೊಡೋಳು” ಎಂದು ನಗುತ್ತಾರೆ. ನಗು ತುಟಿ ದಾಟುವುದಿಲ್ಲ. ಈ ಕಾಯಿಲೆಯವರು ಬರುವುದೇ ತಡವಾಗಿ. ಬರೀ ಜ್ವರವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಉಸಿರು ಕಟ್ಟಿದಾಗ ಓಡಿಬರುತ್ತಾರೆ. ಬದುಕಿದವರು ಕೈಮುಗಿಯುವುದು ಆಪರೇಷನ್ ಮಾಡಿದವರಿಗೆ; ನಿದ್ದೆಯಮ್ಮನ ಮುಖ ಮತ್ತಿನೊಂದಿಗೇ ಅಳಿಸಿಹೋಗಿರುತ್ತದೆ. “ಅದಕ್ಕೆ ಬೇಜಾರಿಲ್ಲ. ಪ್ರತಿಯೊಬ್ಬರ ತಲೆ ಮುಟ್ಟಿ ಬೇಡ್ಕೋತೀನಿ. ಆದ್ರೂ ಹೋಗ್ತಾರೆ. ಯಾಕಪ್ಪಾ ಅಂತ ದೇವರನ್ನ ಕೇಳೋದನ್ನೂ ಈಗ ಬಿಟ್ಟಿದ್ದೀನಿ.”

ಹೊಸ ಕವಾಟ ಕೂರುತ್ತದೆ. ಆದರೆ ಇಷ್ಟು ಹೊತ್ತು ರಕ್ತ ಹರಿಸುತ್ತಿದ್ದ ಯಂತ್ರವನ್ನು ಬಿಡಿಸಿದೊಡನೆ ಅಜ್ಜಿಯ ಹೃದಯ ಉಬ್ಬುತ್ತದೆ, ತಡವರಿಸುತ್ತದೆ. ನಿದ್ದೆಯಮ್ಮ ಮದ್ದು ಏರಿಸುತ್ತಾರೆ, ಮತ್ತೆ ಏರಿಸುತ್ತಾರೆ. ಮತ್ತೆ ಯಂತ್ರ, ಮತ್ತೆ ಪ್ರಯತ್ನ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಕೊನೆಗೆ ಶಸ್ತ್ರವೈದ್ಯರು ತಲೆಯಾಡಿಸಿ ಕೈಗವಸು ಬಿಚ್ಚುತ್ತಾರೆ.

ಎಲ್ಲರೂ ಹೊರಟರೂ ನಿದ್ದೆಯಮ್ಮ ಕದಲುವುದಿಲ್ಲ. ದವಡೆ ಸೆಟೆದುಕೊಂಡರೆ ಆಮೇಲೆ ಹಲ್ಲು ಕೂರದು. ಬಟ್ಟಲಿನಿಂದ ಸೆಟ್ ಎತ್ತಿ, ತೊಳೆದು, ಮಗುವಿಗೆ ತುತ್ತಿಡುವಂತೆ ಬಾಯೊಳಗೆ ಕೂರಿಸಿ, ಗಲ್ಲವನ್ನು ಅಂಗೈಯಲ್ಲಿ ಒತ್ತಿ ಹಿಡಿದು ನಿಲ್ಲುತ್ತಾರೆ.

ಒಳಬಂದ ಯಜಮಾನರು ಬಹಳ ಹೊತ್ತು ಆ ಮುಖವನ್ನೇ ನೋಡುತ್ತಾರೆ. “ಹಾಗೇ ಇದ್ದಾಳೆ” ಎನ್ನುತ್ತಾರೆ. ಆಮೇಲೆ ಪಕ್ಕಕ್ಕೆ ತಿರುಗಿ, “ನೀವು ನರ್ಸಮ್ಮನಾ?”

“ಹೂಂ, ತಾತ.”

ಕೈ ತೊಳೆಯುವ ನಲ್ಲಿಯ ಬಳಿ ನಿದ್ದೆಯಮ್ಮನ ದನಿ ಕೇಳಿಯೂ ಕೇಳಿಸದಷ್ಟು ಸಣ್ಣಗಾಗುತ್ತದೆ. “ಉಸಿರು ಇಸ್ಕೊಂಡೆ, ಎಚ್ಚರ ಇಸ್ಕೊಂಡೆ, ಹಲ್ಲು ಇಸ್ಕೊಂಡೆ. ವಾಪಸ್ ಕೊಡೋಕಾಗಿದ್ದು ಹಲ್ಲು ಮಾತ್ರ.”

ನಲ್ಲಿ ನಿಲ್ಲಿಸುತ್ತಾರೆ.

“ಕಿವಿ ಹಿಂಡೋಕೆ ಬಂದಿದ್ರೆ ಚೆನ್ನಾಗಿತ್ತು.”