ಆಪಾ ಅಳೆದ ಬಿರುಕುಗಳು

ಕಾರಿನ ಬಣ್ಣದ ಮೇಲೆ ಬಳಿಯುವ ರಕ್ಷಣಾ ಲೇಪ ಎಷ್ಟು ಬಾಗಿದರೆ ಬಿರಿಯುತ್ತದೆ ಎಂದು ಪರೀಕ್ಷಿಸುವುದು ಕೆ.ಆರ್. ಪುರದ ನಮ್ಮ ಲ್ಯಾಬಿನ ಕೆಲಸ. ಲೇಪ ಬಳಿದ ತಗಡನ್ನು, ಒಂದು ತುದಿ ದಪ್ಪ ಇನ್ನೊಂದು ತುದಿ ಸಣ್ಣಗಿರುವ ಉಕ್ಕಿನ ಶಂಕುವಿನ ಸುತ್ತ ಬಗ್ಗಿಸುತ್ತೇವೆ. ಬಿರುಕು ಹುಟ್ಟುವುದು ಸಣ್ಣ ತುದಿಯಲ್ಲಿ. ಅಲ್ಲಿಂದ ಎಲ್ಲಿಯವರೆಗೆ ಹರಿದಿದೆ ಎಂದು ಭೂತಗನ್ನಡಿ ಹಿಡಿದು ಅಳೆಯಬೇಕು. ಬಗ್ಗಿಸಿದವರೇ ಅಳೆದರೆ ತಗಡಿನ ಮೇಲೆ ಮಮಕಾರ ಬಂದುಬಿಡುತ್ತದಂತೆ, ಅದಕ್ಕೆ ನಮ್ಮಲ್ಲಿ ಆ ಕೆಲಸ ಇನ್ನೊಬ್ಬರದು.

ಬಗ್ಗಿಸುವವಳು ನಾನು, ಅಳೆಯುವವರು ಶಿವಾಜಿನಗರದಿಂದ ಬರುತ್ತಿದ್ದ ಆಪಾ. ನನಗಿಂತ ಎಷ್ಟೋ ಹಿರಿಯರು, ಅದಕ್ಕೇ ಅಕ್ಕ ಎನ್ನುವ ಅರ್ಥದಲ್ಲಿ ಆಪಾ ಎನ್ನುತ್ತಿದ್ದೆ. ನನ್ನ ಸಿಟ್ಟಿಗೆ ಹೆದರಿಯೇ ತಗಡು ಬಿರಿಯುತ್ತದೆ ಎಂದು ರೇಗಿಸುತ್ತಿದ್ದರು. ಸ್ವಂತ ಅಕ್ಕನ ಬಳಿಯೂ ನನಗೆ ಅಷ್ಟು ಸಲುಗೆ ಇರಲಿಲ್ಲ.

ಒಂದು ವರ್ಷದಿಂದ ಅವರು ಭೂತಗನ್ನಡಿ ಬದಿಗಿಟ್ಟು, ತಗಡನ್ನು ಉಗುರಿನಿಂದ ಸವರಿ ಅಳತೆ ಹೇಳತೊಡಗಿದ್ದರು. ಅನುಭವ ಎಂದುಕೊಂಡು ನಾನು ಹೆಮ್ಮೆಪಟ್ಟೆ. ಆಮೇಲೆ ಹೊಸದೊಂದು ಲೇಪ ಬಂತು. ಅದರ ಬಿರುಕು ಕೂದಲೆಳೆಯಷ್ಟು ಸಣ್ಣ, ಉಗುರಿಗೆ ಸಿಗುವುದಿಲ್ಲ. ಆಪಾ ಸವರಿ ನೋಡಿ ಬಿರುಕೇ ಇಲ್ಲ ಎಂದರು. ನಾನು ನಿಂತಲ್ಲಿಗೇ ಕಾಣುವಂತೆ ಅರ್ಧ ತಗಡಿನವರೆಗೆ ಗೆರೆ ಹೊಳೆಯುತ್ತಿತ್ತು. ಇನ್ನೊಮ್ಮೆ ನೋಡಿ ಎಂದೆ. ಭೂತಗನ್ನಡಿ ಎತ್ತಿಕೊಂಡು, ಆ ಗೆರೆಯ ಮೇಲೆಯೇ ಹಾದು ಮುಂದೆ ಹೋದರು. ಆಮೇಲೆ ಕೂತುಬಿಟ್ಟರು.

"ಕಾಣ್ತಿಲ್ಲ ಕಣೇ. ಹೋದ ಕಣ್ಣು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಈ ಕೆಲ್ಸಾನೂ ಹೋದ್ರೆ ಮನೇಲಿ ಕೂತು ಏನ್ ಮಾಡ್ಲಿ ನಾನು?"

ಅಳತೆ ನಾನು ಪಿಸುಗುಟ್ಟುತ್ತೇನೆ, ನೀವು ಗಟ್ಟಿಯಾಗಿ ಹೇಳಿ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಅಂಗಲಾಚಿದೆ. ಅವರು ನನ್ನ ಕೆನ್ನೆ ಸವರಿದರು.

"ನಿನ್ ಬಾಯಲ್ಲಿ ಸುಳ್ಳು ಹೇಳ್ಸಿ ನಾನು ಕೆಲ್ಸ ಉಳಿಸ್ಕೊಳ್ಳಲ್ಲ."

ಮರುದಿನ ತಾವೇ ಮ್ಯಾನೇಜರ್ ಬಳಿ ಹೋಗಿ ಹೇಳಿ, ಕೆಲಸ ಬಿಟ್ಟರು. ಡಾಕ್ಟರ ಮೇಲೆ, ಆ ಹಾಳು ಲೇಪದ ಮೇಲೆ, ಆಪಾರ ಮೇಲೂ ಉರಿದುಬಿದ್ದೆ. ರಾಮಮೂರ್ತಿ ನಗರದ ನನ್ನ ಮನೆಗೆ ಹೋಗುವ ಬಸ್ಸಿನಲ್ಲಿ ಎಲ್ಲರೆದುರು ಅತ್ತೆ. ಈಗ ಅಳೆಯಲು ಬೇರೊಬ್ಬರಿದ್ದಾರೆ. ಅವರ ತಪ್ಪೇನೂ ಇಲ್ಲ, ಆದರೂ ನನಗೆ ಅವರನ್ನು ಕಂಡರಾಗುವುದಿಲ್ಲ.

ಕೆಲವು ತಿಂಗಳ ಮೇಲೆ ಶಿವಾಜಿನಗರದ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿದ್ದ ಅವರ ಮನೆಗೆ ಹೋದೆ. ಮಟಮಟ ಮಧ್ಯಾಹ್ನ. ಆಪಾ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಇಷ್ಟು ದಿನ ಬರಲಿಲ್ಲವೆಂದು ಬೈಯುತ್ತಾರೆ ಎಂದುಕೊಂಡು ನಗುತ್ತಾ ಎದುರಿಗೆ ನಿಂತೆ. ಅವರು ತಲೆಯೆತ್ತಿ ನೇರವಾಗಿ ನನ್ನನ್ನೇ ನೋಡಿದರು. ಹೊರಗಿನ ಗಂಡಸರು ಬಂದಾಗ ಮಾಡುವಂತೆ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡರು.

"ಯಾರ್ ಬೇಕಿತ್ತು?"

ನಾನು ಇನ್ನೊಂದು ಹೆಜ್ಜೆ ಹತ್ತಿರ ಹೋಗಿ, ಬಿಸಿಲಿಗೆ ಮುಖ ಒಡ್ಡಿ ನಿಂತೆ. ಅವರು ಇನ್ನೊಮ್ಮೆ ಕೇಳಿದರು.