ಸಾವಿನ ಕಾಗದದ ಹಿಂಬದಿಯ ಚರಣ

ಗ್ರಂಥಾಲಯಕ್ಕೆ ಹೋಗುವವರಿಗೆ ನನ್ನದೊಂದು ಬುದ್ಧಿಮಾತಿದೆ: ಬೇಕಾದದ್ದನ್ನು ಮೊದಲೇ ಕೇಳಬೇಡಿ. ಕೊಬ್ಬರಿ ಕೊಳ್ಳಲು ಹೋದವನು ಒಳ್ಳೆಯ ರಾಶಿಯ ಕಡೆ ತಿರುಗಿಯೂ ನೋಡಬಾರದು. ಮೊದಲು ಮೂಟೆ ಹೊತ್ತು, ಆಮೇಲೆ ಮೂಟೆ ಹೊರಿಸಿ ಚನ್ನರಾಯಪಟ್ಟಣದಲ್ಲಿ ಮಂಡಿ ಇಟ್ಟವನು ನಾನು. ಈ ಪಾಠ ಬಿಟ್ಟಿಯಾಗಿ ಬಂದದ್ದಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಹೆಂಡತಿಗೆ ಹಾಡು ಹೇಳಿಕೊಡುತ್ತಿದ್ದ ಸಂಗೀತದ ಮೇಡಂ, ಹೊಳೆನರಸೀಪುರದ ಒಬ್ಬ ವಾಗ್ಗೇಯಕಾರರ ಕೊನೆಯ ಶಿಷ್ಯೆ. ಗುರುಗಳು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರ ಆರಾಧನೆಯಲ್ಲಿ ಮೇಡಂ ಪ್ರತಿ ವರ್ಷ ಹಾಡುತ್ತಿದ್ದ ಕೃತಿಗೆ ಪಲ್ಲವಿ, ಅನುಪಲ್ಲವಿ ಮಾತ್ರ ಇದ್ದವು. ಚರಣವನ್ನು ಗುರುಗಳು ಪಾಠ ಮಾಡಿರಲೇ ಇಲ್ಲ. ಅರಕಲಗೂಡಿನ ವಿದ್ವಾಂಸರೊಬ್ಬರು ಪ್ರತಿ ಸಲವೂ, "ಈ ವರ್ಷಾನೂ ಬಾಲ ಇಲ್ಲದ ಕರುವೇನಮ್ಮ?" ಎಂದು ಚುಚ್ಚುತ್ತಿದ್ದರು. ಆ ಸಲ ಮೇಡಂ ಗಂಟಲಿಗೆ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ಹಾಡಲಾಗುತ್ತದೋ ಇಲ್ಲವೋ, ಡಾಕ್ಟರೂ ಬಾಯಿಬಿಟ್ಟಿರಲಿಲ್ಲ. ಅದಕ್ಕೆ ಮುಂಚಿನ ಕೊನೆಯ ಆರಾಧನೆಯಲ್ಲಾದರೂ ಕೃತಿಯನ್ನು ಪೂರ್ತಿ ಹಾಡಬೇಕೆಂಬುದು ಅವರ ಹಟ.

ಗುರುಗಳ ಟ್ರಂಕು ಹಾಸನದ ಒಂದು ಖಾಸಗಿ ಗ್ರಂಥಾಲಯದ ಸಂಗೀತದ ಕೋಣೆ ಸೇರಿತ್ತು. ಮೇಡಂ ಎರಡು ಸಲ ಹೋಗಿ ಬರಿಗೈಲಿ ಬಂದಿದ್ದರು. ಮೂರನೆಯ ಸಲ ನನ್ನನ್ನು ಜೊತೆಗೆ ಅಟ್ಟಿದವಳು ನನ್ನ ಹೆಂಡತಿ. "ಸಂತೇಲಿ ಕೊತ್ತಂಬ್ರಿ ಸೊಪ್ಪು ಬಿಟ್ಟಿ ಇಸ್ಕೊಳೋ ಬಾಯಿ ಇದು. ಅಲ್ಲೋಗಿ ಒಂದ್ ಚರಣ ಇಸ್ಕಂಡ್ ಬನ್ನಿ ನೋಡಾನ!"

ಗ್ರಂಥಪಾಲಕರು ಮಡಿವಂತರು, ಶಿಸ್ತಿನವರು. ಒಂದು ಸಲಕ್ಕೆ ಒಂದೇ ಕಟ್ಟು ಕೊಡುವುದು ಎಂದರು.

"ಮೂರ್ ಕೊಡಿ ಸಾ. ಮೂರ್ ಸಲ ನೀವೇ ಎದ್ದು ಓಡಾಡ್ಬೇಕು, ಮಂಡಿ ಬೇರೆ ನೋವು."

ಮಂಡಿ ನೀವಿಕೊಳ್ಳುತ್ತಿದ್ದ ಕೈ ತೆಗೆದು, "ಎರಡು" ಎಂದರು. ನನಗೆ ಬೇಕಿದ್ದದ್ದೂ ಎರಡೇ.

ಮೊದಲ ಕಟ್ಟಿನಲ್ಲಿ, ಕಚೇರಿಗೆ ಕರೆದವರಿಗೆ ಗುರುಗಳು ಬರೆದ ಕಾಗದಗಳ ನಕಲುಗಳು. ಆರಾಧನೆಯ ಭಾಷಣಗಳಲ್ಲಿ ಗುರುಗಳು ಏನನ್ನೂ ಬೇಡದ ಸಂತರು. ಇಲ್ಲಿ ನೋಡಿದರೆ, ಹಾಡುವ ಮುಂಚೆ ಒಮ್ಮೆ ಕಾಫಿ, ನಡುವೆ ಒಮ್ಮೆ; ಹಾಸಿಗೆ ಗೋಡೆಯ ಪಕ್ಕಕ್ಕೇ ಇರಬೇಕು; ಗಾಡಿಯಲ್ಲಿ ತಂಬೂರಿಗೂ ಪ್ರತ್ಯೇಕ ಜಾಗ. "ಎಲಾ, ನಮ್ಮೋರು ಕಣಮ್ಮ ಇವ್ರು!" ಎಂದುಬಿಟ್ಟೆ. ಮೇಡಂ ಪೆನ್ಸಿಲಿನಿಂದ ನನ್ನ ಕೈ ಮೇಲೆ ಒಂದು ಬಿಟ್ಟರು.

ಎರಡನೆಯ ಕಟ್ಟಿನಲ್ಲಿ ಶುಭಕಾರ್ಯಗಳ ಆಹ್ವಾನ ಪತ್ರಿಕೆಗಳು. ಕೃತಿ ಬರೆಯಲು ಗುರುಗಳು ಹೊಸ ಕಾಗದಕ್ಕೆ ಕೈ ಹಾಕಿದವರೇ ಅಲ್ಲ. ಬಂದ ಪತ್ರಿಕೆಗಳ ಬೆನ್ನಿನ ಮೇಲೇ ಸ್ವರ, ಸಾಹಿತ್ಯ ಎಲ್ಲ. ಮೇಡಂ ಬೆನ್ನುಗಳನ್ನು ಹುಡುಕುತ್ತಿದ್ದರು. ನಾನು ಮುಖಗಳನ್ನು ಓದಿದೆ. ನುಗ್ಗೇಹಳ್ಳಿಯ ಮದುವೆ, ಕೊರವಂಗಲದ ಮುಂಜಿ, ಅರಕಲಗೂಡಿನ ಗೃಹಪ್ರವೇಶ. ಒಬ್ಬ ಮನುಷ್ಯನ ಮೂವತ್ತು ವರ್ಷದ ಊಟ ಅಲ್ಲಿತ್ತು. ಆದರೆ ಏನೋ ಕಮ್ಮಿ ಅನಿಸಿತು.

"ಸಾ, ಇಷ್ಟ್ ವರ್ಷದಲ್ಲಿ ಇವರ ಕಡೆ ಒಬ್ರೂ ಸಾಯ್ಲೇ ಇಲ್ವಾ?"

ಗ್ರಂಥಪಾಲಕರು ಬೆಚ್ಚಿದರು. "ಛೆ ಛೆ! ವೈಕುಂಠ ಸಮಾರಾಧನೆ ಕಾಗದಾನ ಯಾರಾದ್ರೂ ಒಳಗಿಡ್ತಾರೇನ್ರೀ? ಓದಿ ಹರಿದು ಹಾಕೋದು."

"ಹರಿದಾಕಿದ್ರಾ ಹಂಗಾರೆ?"

"ದಾನವಾಗಿ ಬಂದ ವಸ್ತು, ರಿಜಿಸ್ಟರಿನಲ್ಲಿದೆ. ಹೇಗ್ರೀ ಹರೀಲಿ?"

ಒಳಗಿಡುವಂತಿಲ್ಲ, ಹರಿಯುವಂತಿಲ್ಲ. ಹಾಗಾಗಿ ಅವೆಲ್ಲ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ, ಬೀಗ ಹಾಕಿದ ತಗಡಿನ ಡಬ್ಬದಲ್ಲಿದ್ದವು.

"ಕೀ ಕೊಡಿ ಸಾ. ನೀವ್ ಮುಟ್ಲೇಬೇಡಿ. ನಾವೇ ತೆಗೀತೀವಿ, ನಾವೇ ಕೈಕಾಲ್ ತೊಳ್ಕತೀವಿ."

ಮೇಡಂ ಸೈಕಲ್‌ಗಳ ನಡುವೆ ಕೂತು ಒಂದೊಂದನ್ನೇ ತಿರುವಿದರು. ಕಪ್ಪು ಅಂಚಿನ ಒಂದು ಕಾಗದದಲ್ಲಿ ಕೈ ನಿಂತಿತು. ಅದೇ ಚರಣ! ನಾಲ್ಕು ಸಾಲಿನಲ್ಲಿ ಮೂರು ಇದ್ದವು. ನಾಲ್ಕನೆಯದರ ಜಾಗದಲ್ಲಿ ಗುರುಗಳು ಬರೆದದ್ದು: ಎಲೆ ಹಾಕಿದರು. ಮಿಕ್ಕಿದ್ದು ಊಟವಾದ ಮೇಲೆ.

ವಡೆ ಪಾಯಸದ ಊಟವಾದ ಮೇಲೆ ಏನಾಗಿರುತ್ತದೆಂದು ನನಗೆ ಹೇಳಿಕೊಡಬೇಕಿಲ್ಲ. ಮೇಡಂ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡರು.

"ಒಂದೇ ಒಂದು ಸಾಲು ಕಣ್ರೀ."

"ನೀವೇ ಕಟ್ಟಿ."

"ಗುರುಗಳ ಕೃತಿಗೆ ನಾನು ಒಂದಕ್ಷರ ಸೇರಿಸಲ್ಲ."

"ನೋಡಿ ಮೇಡಂನೋರೆ, ಮುಕ್ಕಾಲು ಮಾಲು ಅವರದೇ. ಉಳಿದ ಕಾಲು ತುಂಬ್ದೆ ಮೂಟೆ ಬಾಯಿ ಹೊಲಿಯಕ್ಕಾಗಲ್ಲ. ಇಲ್ಲಾಂದ್ರೆ ಸಭೇಲಿ 'ಎಲೆ ಹಾಕಿದರು' ಅಂತ್ಲೇ ಹಾಡಿ. ಎಲ್ರೂ ಎದ್ದೋಗ್ತಾರೆ."

ಮೇಡಂ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತು, ತೊಡೆಯ ಮೇಲೆ ತಾಳ ಹಾಕುತ್ತಾ ಏನೋ ಬರೆದರು, ಅಳಿಸಿದರು. ಶಾಂತಿಗ್ರಾಮ ದಾಟಿದ ಮೇಲೆ ಅಳಿಸುವುದು ನಿಂತಿತು. ನಾನು ಕಡಲೆಕಾಯಿ ಬಿಡಿಸುತ್ತಾ ಏನೂ ಕಾಣದವನ ಹಾಗೆ ಇದ್ದೆ.

ಆರಾಧನೆಯಲ್ಲಿ ಚರಣ ಪೂರ್ತಿ ಹಾಡಿದರು. ಅರಕಲಗೂಡಿನ ವಿದ್ವಾಂಸರು ಎದ್ದೇ ಬಂದರು.

"ಆ ಕೊನೇ ಸಾಲು ಇದೆಯಲ್ಲಮ್ಮ, ಅಲ್ಲಿ ಗುರುಗಳೇ ಬಂದು ಕೂತ ಹಾಗಾಯ್ತು. ಈಗಿನೋರ ಕೈಲಾಗುತ್ತಾ ಅದು?"

"ಎಲ್ಲಿ ಆಗುತ್ತೆ ಸಾರ್" ಎಂದರು ಮೇಡಂ, ತಲೆ ತಗ್ಗಿಸಿ. ನಗು ತಡೆಯಲಾರದೆ ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದೆ.

ಆಪರೇಷನ್ ಆದ ಮೇಲೆ ಅವರು ಸಭೆಯಲ್ಲಿ ಹಾಡಲಿಲ್ಲ. ಪಿಸುದನಿಯಲ್ಲಿ ಪಾಠ ಮಾತ್ರ ಹೇಳುತ್ತಿದ್ದರು. ನನ್ನ ಹೆಂಡತಿ ಆ ಚರಣ ಹಾಡುತ್ತಾ ನಾಲ್ಕನೆಯ ಸಾಲಿಗೆ ಬಂದಾಗ ಮಾತ್ರ ಚಾಪೆ ತಟ್ಟಿ, "ಇದನ್ನ ಸ್ವಲ್ಪ ಗಟ್ಟಿಯಾಗಿ ಹೇಳ್ರೀ" ಎನ್ನುತ್ತಿದ್ದರು.